ಮ್ಯಾಂಡರಿನ್ ಮೀನಿನ ಹೊಟ್ಟೆ

...ಚಪ್ಪಲಿ ಅಲ್ಲೇ ಬಿಡು, ಮೊದ್ಲು ಒಳಗೆ ಬಾ. ಬ್ಯಾಗ್ ಇತ್ಲಾಗೆ ಕೊಡು. ಕೊಡಲ್ವಾ? ಸರಿ, ಹೆಗಲ ಮೇಲೇ ಇಟ್ಕ, ನಂಗೇನು! ಮಾಡದಕೆರೆ ಬಸ್ಸು ರಶ್ ಇತ್ತಾ? ...ಮಾತಾಡಲ್ಲ. ಆಯ್ತಮ್ಮ, ಬ್ಯಾಡ. ಹದಿನೆಂಟು ದಿನ ತವರುಮನೇಲಿ ಕುಂತು ಬಂದೋಳು ಗಂಡನ ಜೊತೆ ಯಾಕೆ ಮಾತಾಡ್ತೀಯ! ನೀನು ಬಂದಿರೋದು ಮೀನು ನೋಡೋಕೆ. ಗೊತ್ತು ನಂಗೆ.

ಫೋನಲ್ಲಿ ಹೇಳಿದ್ನಲ್ಲ ಸುಮಾ, ಗಂಡು ಮೀನು ಇವತ್ತೋ ನಾಳೆನೋ ಅನ್ನಂಗೈತೆ. ನೀನು ಹೋದ ದಿನದಿಂದ ಬಾಯಿಗೆ ಒಂದು ಅಗುಳು ಇಟ್ಟಿಲ್ಲ... ಅಗುಳು ಅಂದ್ರೆ, ಅದೇ, ನೀನು ಹಾಕೋ ಹುಳ. ಹೆಣ್ಣಂತೂ ಕಲ್ಲಿನ ಹಿಂದೆ ಮುಖ ತಿರುಗಿಸ್ಕಂಡು ಕುಂತೈತೆ, ಥೇಟ್ ನಿನ್ನಂಗೆ. ಏನು ಮೀನೇ ಇವು! ಹೊಸದುರ್ಗದ ಈ ಪಡಸಾಲೇಲಿ ಸಮುದ್ರದ ಉಪ್ಪುನೀರು ಕಲಸಿ, ಹವಳ ನೆಟ್ಟು, ಕರೆಂಟ್ ಹೋದ್ರೆ ನಮಗಿಲ್ದಿದ್ರೂ ಅವಕ್ಕೆ ಬ್ಯಾಟರಿ ಇಟ್ಟು... ಇಷ್ಟು ಮಾಡಿದ್ರೂ ಊಟ ಸೇರಲ್ಲ! ಮಿಕ್ಕ ಮೀನು ಚಿಟಿಕೆ ಪುಡಿ ಉದುರಿಸಿದ್ರೆ ಮುಗಿಬಿದ್ದು ತಿಂತಾವೆ. ಈ ಮ್ಯಾಂಡರಿನ್ ಮಹಾರಾಜಂಗೆ ಹುಳ ಬದುಕಿರಬೇಕು, ಓಡಾಡ್ತಿರಬೇಕು, ಕಣ್ಣಿಗೆ ಕಾಣದಷ್ಟು ಸಣ್ಣಕಿರಬೇಕು! ಬೆಳಗಿಂದ ಸಂಜೆ ತನಕ ಕಲ್ಲು ಕಲ್ಲಿಗೂ ಮೂತಿ ಇಟ್ಟು ಒಂದೊಂದೇ ಹೆಕ್ಕೋದು. ಮೈತುಂಬ ನೀಲಿ ಕಿತ್ತಳೆ ಬಳ್ಳಿ ಬ್ಯಾರೆ. ರೇಷ್ಮೆ ಸೀರೆ ಉಟ್ಕಂಡು ಅಕ್ಕಿ ಆರಿಸ್ತಾ ಕುಂತಂಗೆ.

ಅಲ್ಲಿ ಬಗ್ಗಬೇಡ! ...ಅಲ್ಲ, ಬಗ್ಗು, ಬಗ್ಗು, ನಿಂದೇ ಟ್ಯಾಂಕು. ಆದ್ರೆ ಮೇಲಿಂದ ನೋಡಬೇಡ, ಲೈಟಿಗೆ ಮೀನು ದಪ್ಪ ಕಾಣ್ತೈತೆ. ಗಾಜು ಅಲ್ವಾ, ಎಲ್ಲ ಉಬ್ಬಿಸಿ ತೋರಿಸ್ತೈತೆ.

ಯಾಕೆ ನಗ್ತೀಯ?

ಸೆರಗು ಅಡ್ಡ ಹಿಡ್ಕಂಡ್ರೆ ಗೊತ್ತಾಗಲ್ವಾ? ಮೀನಿನ ಹೊಟ್ಟೆ ನೋಡಿ ನಗ್ತೀಯಾ? ಅದು... ಊತ. ಊತ ಕಣೇ! ಹಸಿವಿಗೂ ಹೊಟ್ಟೆ ಊದ್ಕಂತೈತೆ... ಥೂ, ನಂದೂ ಒಂದು ಬುದ್ಧಿನಾ! ಕುರಿ ಸಾಕೋರ ಮನೆ ಮಗಳ ಮುಂದೆ ಹಸಿವಿನ ಕಥೆ ಹೇಳ್ತಿದೀನಿ. ನಿಮ್ಮಪ್ಪ, ಈರಬಸಪ್ಪ ಮಾವ, ಹಟ್ಟಿ ಬಾಗಿಲಲ್ಲಿ ನಿಂತು ಒಳಕ್ಕೆ ಹೋಗೋ ಒಂದೊಂದು ಕುರಿ ಪಕ್ಕೆ ನೋಡಿ, ಇದು ಮೇದೈತೆ, ಇದು ಮೇದಿಲ್ಲ ಅಂತಾರೆ. ಪಕ್ಕೆ ಗುಳಿ ಬಿದ್ರೆ ಹಸಿವು. ನೀನೂ ಅಷ್ಟೇ. ಈ ಮೀನು ತಂದ ದಿನ, ಬಣ್ಣ ನೋಡ್ರಿ ಬಣ್ಣ ನೋಡ್ರಿ ಅಂತ ಅಂಗಡಿಯೋನು ಬಡ್ಕಂಡ. ನೀನು ಪಕ್ಕೆ ನೋಡ್ದೆ.

ಯಾವ ಬಾಟ್ಲು? ಕಿಟಕಿ ಹತ್ರ ಇರೋವಾ? ಅವು... ಕಷಾಯ. ನಂಗೆ ಕೆಮ್ಮು. ಹಸಿರು ಕಷಾಯ ಕೆಮ್ಮಿಗೆ ಬಾಳ ಒಳ್ಳೇದು. ಗಾಳಿ ಪೈಪ್ ಯಾಕೆ ಅಂತ ಹಂಗೆ ಕಣ್ಣು ಬಿಡಬೇಡ, ಕಷಾಯ ಆರಲಿ ಅಂತ! ...ಮೂಸಬೇಡ ಕಣೇ! ಆಯ್ತು, ಮೂಸಿದ್ಯಲ್ಲ. ಗೊತ್ತಾಯ್ತಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಸುಮ್ನೆ ಹೇಳ್ತಾರಾ?

ಸುಳ್ಳು ಹೇಳ್ದೆ. ಎರಡೂ ಹೊಟ್ಟೆ ತುಂಬ ತಿಂದು ತೇಗ್ತಾವೆ.

ಮೊದಲ ದಿನ ಪುಡಿ ಹಾಕ್ದೆ, ತಿರುಗಿ ನೋಡ್ಲಿಲ್ಲ. ಎರಡನೇ ದಿನ ಒಂಚೂರು ಶೇಂಗಾ ಹಿಂಡಿ... ಹೊಡಿಬೇಡ! ಒಂದೇ ಚೂರು! ಆಮೇಲೆ ನಾನೇ ಸೋಸಿ ತೆಗ್ದೆ. ಟಗರು ಕೊಬ್ಬಿಸೋದು ಗೊತ್ತು ನಂಗೆ, ಇವು ಗೊತ್ತಾ? ನಾಲ್ಕನೇ ದಿನ ಗಂಡಿನ ಪಕ್ಕೆ ಒಳಕ್ಕೆ ಹೋತು. ಆಗ ಮಾತ್ರ ಹೆದರ್ಕಂಡೆ, ದೇವ್ರಾಣೆ. ನಿನ್ನ ನೋಟ್‌ಬುಕ್ ತೆಗ್ದೆ. ಮೇಯೋ ಮೀನಿಗೆ ಹಿಡಿ ಮೇವು ಹಾಕಿದ್ರೆ ಸಾಲಲ್ಲ, ಹುಲ್ಲುಗಾವಲೇ ಬೇಕು ಅಂತ ಬರ್ದಿದೀಯ. ನಿಜ! ಮೀನನ್ನೂ ಕುರಿನೂ ಒಂದೇ ತರ ಸಾಕಬೇಕು ಅಂತ ಯಾರಿಗೆ ಹೊಳಿತೈತೆ? ಹಿಂದಿನ ಸಣ್ಣ ತೊಟ್ಟೀಲಿ ಪಾಚಿ, ಪಾಚೀಲಿ ಹುಳ, ಹುಳಕ್ಕೆ ಮೇವು ಈ ಬಾಟ್ಲಿ ಹಸಿರು ನೀರು. ಬೆಳಗ್ಗೆ ಪಂಪ್ ಆಫ್ ಮಾಡಿ, ಹುಳ ಸೋಸಿ, ಪಿಚಕಾರೀಲಿ ಕಲ್ಲಿನ ಸಂದಿಗೆ ಬಿಡ್ತೀನಿ. ಇವು ನಿಧಾನ, ಅಷ್ಟರಲ್ಲಿ ಟ್ಯಾಂಕಲ್ಲಿರೋ ಆ ಹಳದಿ ಮೀನು, ಕಳ್ಳ, ನುಗ್ಗಿ ನುಂಗ್ತಾನೆ. ಅವನಿಗೆ ಜಾಲರಿ ಅಡ್ಡ ಹಾಕ್ತೀನಿ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಬಾಗಿಲು ತೆಗೆಯೋದು ಹತ್ತಾಗ್ತೈತೆ, ಗಿರಾಕಿಗಳು ಬೈತಾರೆ. ಮೀನಿಗೆ ಉಣ್ಣಿಸ್ತಿದ್ದೆ ಅಂತ ಹೇಳೋಕಾಗ್ತೈತಾ? ನಮ್ಮೂರಲ್ಲಿ ಮೀನನ್ನ ಹೊಟ್ಟೆಗೆ ಹಾಕ್ಕಂತಾರೆ, ಮೀನಿನ ಹೊಟ್ಟೆಗೆ ಹಾಕಲ್ಲ!

ಬಾ ಅಂತ ಎಷ್ಟು ಸಲ ಕರೆದೆ? ಬರಲಿಲ್ಲ. ಮೀನು ಸಾಯ್ತೈತೆ ಅಂದೆ, ಮುಂದಿನ ಬಸ್ಸಿಗೇ ಬಂದೆ. ಅದಕ್ಕೇ ಹೇಳಿದ್ದು. ನೀನಿಲ್ದೆ ಈ ಮನೇಲಿ ನಂಗೆ ಆಗಲ್ಲ ಕಣೇ ಸುಮಾ.

ಇದೇನು, ಈಗ ನಗ್ತಿದ್ದೋಳು ಮತ್ತೆ ಮುಖ ಗಂಟು! ...ಶ್ರೀರಾಂಪುರದ ಮಾತಾ? ಇನ್ನೂ ಅದೇನಾ? ಹುಚ್ಚಕ್ಕತ್ತೆ ಮೊಮ್ಮಗಳ ನಾಮಕರಣ. ನಮ್ಮ ಸೋದರತ್ತೆ ಬಾಯಿ ನಿಂಗೆ ಗೊತ್ತಿಲ್ವಾ? ಪಂಕ್ತೀಲಿ, ಅಷ್ಟು ಜನದ ಮುಂದೆ, "ಸುಮಾ, ಮದುವೆ ಆಗಿ ಏಳು ವರ್ಷ ಆತು, ನಿಂದ್ಯಾವಾಗ?" ಅಂದ್ಲು. ನಾನು, "ಅವಳಿಗೇನತ್ತೆ, ಆಗಲೇ ಎರಡವೆ, ಗಾಜಿನ ತೊಟ್ಟಿಲಲ್ಲಿ ಈಜ್ತಾವೆ" ಅಂದೆ. ಜನ ನಕ್ರು. ತಮಾಷೆ ಕಣೇ! ಮುದುಕಿ ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿಸ್ದೆ. ನೀನು ಅರ್ಧ ಎಲೆಯಿಂದ ಎದ್ದು ಬಸ್ ಹತ್ತಿಬಿಟ್ಟೆ.

ಸರಿ, ತಪ್ಪಾಯ್ತು. ಆಯ್ತಾ?

...ಇನ್ನೇನು ಅನ್ನಬೇಕು? ಬೈಯಿ, ಲೋಟ ಎಸಿ, ಏನಾದ್ರೂ ಮಾಡು. ಹಂಗೆ ಸುಮ್ನೆ ನಿಂತು ನೋಡಬೇಡ... ಫೋನ್ ಯಾಕೆ ತೆಗ್ದೆ? ನಿಮ್ಮಣ್ಣಂಗಾ? ಎಲ್ಲಿ, ತೋರಿಸು... ಹುಚ್ಚಕ್ಕತ್ತೆಗಾ? ಯಾಕೆ? ಸುಮಾ, ಬ್ಯಾಡ! ದಾವಣಗೆರೆ ಡಾಕ್ಟ್ರು ಹೇಳಿದ್ದು ನಮ್ಮಿಬ್ಬರಲ್ಲೇ ಇರ್ಲಿ ಅಂತ ಮಾತು ಕೊಟ್ಟಿದ್ದೆ ನೀನು. ಎರಡು ವರ್ಷ ಒಬ್ಬರ ಹತ್ರನೂ ಬಾಯಿ ಬಿಟ್ಟಿಲ್ಲ, ಈಗ ಹೇಳ್ತೀಯಾ?

...ನಂಗ್ಯಾಕೆ ಕೊಡ್ತೀಯ ಫೋನು? ನೀನು ಹೇಳಲ್ವಾ? ನಾನಾ? ಲೇ, ರಿಂಗ್ ಆಗ್ತೈತೆ, ಕಟ್ ಮಾಡೇ! ಏನಾದ್ರೂ ಮಾತಾಡೇ!

...ಮಾತಾಡಲ್ಲ ನೀನು. ಎರಡು ವರ್ಷನೂ ಆಡಲಿಲ್ಲ. ಬಂಜೆ ಅಂದ್ರು, ಎದುರಿಗೇ ಅಂದ್ರು, ಆಗ್ಲೂ ಆಡಲಿಲ್ಲ. ನಾನು ಪಕ್ಕದಲ್ಲೇ ಕುಂತು ಕೇಳಿಸ್ಕಂಡೆ. ಸಾಲದು ಅಂತ ಜೋಕ್ ಬ್ಯಾರೆ ಹೊಡ್ದೆ, ನಾಚಿಕೆಗೆಟ್ಟೋನು...

ಹಲೋ? ಅತ್ತೆ, ನಾನು ಬೀರೇಶ. ಹೂಂ, ಸುಮಾ ಬಂದವಳೆ, ಇಲ್ಲೇ ನಿಂತವಳೆ. ಊಟ ಆಮೇಲೆ ಮಾಡ್ತೀವಿ. ಮನೇಲಿ ಯಾರ್ಯಾರು ಅದಾರೆ? ಎಲ್ಲಾರೂನಾ? ಒಳ್ಳೇದಾತು, ಸ್ಪೀಕರ್‌ಗೆ ಹಾಕು. ಹಾಕತ್ತೆ, ಎಲ್ಲಾರೂ ಕೇಳಲಿ. ಅವತ್ತು ಪಂಕ್ತೀಲಿ ಸುಮನ್ನ ಕೇಳಿದ್ಯಲ್ಲ, ನಿಂದ್ಯಾವಾಗ ಅಂತ... ಅವಳನ್ನ ಕೇಳಬೇಡ. ನನ್ನ ಕೇಳು. ಅವಳದೆಲ್ಲ ಸರಿಯಾಗೈತೆ. ಆಗದಿರೋದು ನನ್ನಿಂದ, ಅತ್ತೆ.