ಹಿತ್ತಲ ಮರದ ಎಳನೀರು

ತಿಪಟೂರಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಗೆ ಕಾಯುತ್ತಿದ್ದೆ. ಎಚ್‌ಐವಿ ಚಿಕಿತ್ಸೆಯ ಕೋಣೆಯಿಂದ ಹೊರಬಂದ ಸೊಸೆಯೂ ಬಾಗಿಲಲ್ಲಿ ಕಾದಿದ್ದ ಅತ್ತೆಯೂ ನನ್ನ ಹಿಂದಿನ ಬೆಂಚಿನಲ್ಲಿ ಕೂತರು.

“ಡಾಕ್ಟ್ರು ಅಷ್ಟೊತ್ತು ಏನೇ ಹೇಳಿದ್ರು, ಭಾನು?”

“ಒಂಬತ್ತು ವರ್ಸದಿಂದ ಮಾತ್ರೆ ಇಲ್ದೇನೂ ವೈರಸ್ಸು ಪರೀಕ್ಷೆಲಿ ಕಾಣಿಸ್ತಿಲ್ವಂತೆ. ಒಳಗೇ ಐತಂತೆ, ನನ್ ಮೈಯೇ ಅದನ್ನ ಅದುಮಿ ಇಟ್ಕಂಡೈತಂತೆ.”

“ದಿನಾ ಎಳನೀರು ಕುಡಿತೀನಿ ಅಂದ್ಯಾ?”

“ಅಂದೆ. ಅದ್ಕೂ ಇದ್ಕೂ ಸಂಬಂಧ ಇಲ್ವಂತೆ ಅತ್ತೆ. ಹುಟ್ಟಿನಿಂದ ಬಂದ ಮೈಗುಣವಂತೆ, ನೂರಕ್ಕೆ ಒಬ್ರಿಗೂ ಇರಲ್ವಂತೆ. ಆದ್ರೂ ಅದನ್ನೇ ನಂಬ್ಕಂಡು ಕೂರಬ್ಯಾಡ, ಮಾತ್ರೆ ಶುರು ಮಾಡು ಅಂದ್ರು.”

“ಹಂಗಾದ್ರೆ ನನ್ ಮಗಂಗೆ ಕುಡಿಸಿದ್ದು?”

“ಬರೀ ನೀರು.”

“ಕೊಬ್ರಿಗೆ ಬಿಡ್ದೆ ಹಿತ್ಲು ಮರಾನೇ ಅವನಿಗೆ ಅಂತ ಇಟ್ಟಿದ್ದೆ ಕಣೇ. ನೀನು ಗಟ್ಟಿಯಾಗಿದ್ದೀಯ ಅಂತ ನಾನೇ ಅವನ ಮಾತ್ರೆ ನಿಲ್ಲಿಸ್ದೆ.”

“ದಿನಾ ಕೆತ್ತಿ ಕೊಟ್ಟಿದ್ದು ನಾನು.”

ಅತ್ತೆ ದನಿ ತಗ್ಗಿಸಿದಳು.

“ಇಲ್ಲಿಗೆ ಮಾತ್ರೆಗೆ ಬತ್ತಾಳಲ್ಲ ಹೊನ್ನವಳ್ಳಿ ಸ್ಪಂದನ, ಅವ್ಳಿಗೂ ಹೇಳ್ಬುಟ್ಟಿದ್ದೀನಿ.”

“ಏನಂತ?”

“ಮಾತ್ರೆ ಬುಡು, ನಮ್ ಭಾನುನ ನೋಡು ಅಂತ. ಹೋದ ತಿಂಗ್ಳು ಒಂದು ಗೊನೆ ಎಳನೀರೂ ಕಳಿಸ್ದೆ.”

“ನಮ್ಮನೆಯವ್ರು ಹೆಂಗೆ ತೀರ್ಕಂಡ್ರು ಅಂತ ಅವ್ಳು ಕೇಳ್ಲಿಲ್ವಾ?”

“ಕೇಳಿದ್ಲು. ಹಾರ್ಟ್ ಅಟ್ಯಾಕು ಅಂದೆ.”

ಸೊಸೆ ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಅವ್ಳಿಗೆ ಫೋನ್ ಮಾಡೇ ಭಾನು, ಮೊದ್ಲು.”

“ಫೋನಲ್ಲಿ ಬ್ಯಾಡ. ನಿಮ್ ಬಾಯಲ್ಲೇ ಹೇಳೀರಂತೆ, ನಡೀರಿ. ಹೊನ್ನವಳ್ಳಿ ಬಸ್ಸು ಹೊರಟುಬಿಡುತ್ತೆ.”

ಸೊಸೆ ಅತ್ತೆಗೆ ಕೈಕೊಟ್ಟು ಎಬ್ಬಿಸಿಕೊಂಡು ಹೋದಳು.