ಅವ್ವನ ಫೋನು

ರಾಮನಗರದ ಬಸ್ ನಿಲ್ದಾಣದಲ್ಲಿ ಕೈಲಾಂಚದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ತಾಯಿ, ಮಗ. ಫೋನ್ ಅಂಗಡಿಯಿಂದ ಬರಿಗೈಯಲ್ಲಿ ಬಂದಿದ್ದರು.

"ಬಟನ್ ಫೋನು ಸಾವಿರದೈನೂರು. ನಿಂಗೆ ಅದೇ ಸಾಕು ಕಣವ್ವ."

"ಅದ್ಕೂ ತಿಂಗ್ತಿಂಗ್ಳು ರೀಚಾರ್ಜ್ ಮಾಡುಸ್ಬೇಕಲ್ಲ ದೇವರಾಜು?"

"ಇನ್ನೂರಾಯ್ತದೆ. ದೊಡ್ಡ ಫೋನ್ಗೆ ಮುನ್ನೂರು. ಫೋನೇ ಎಂಟು ಸಾವಿರ ಬೇರೆ."

"ಇನ್ನೂರು ಕೊಟ್ಟು ಏನ್ಲಾ ಮಾಡ್ಲಿ? ನಿನ್ ತಂಗಿ ದಿವ್ಯ ಹುಟ್ಟಾ ಕಿವಿ ಕೇಳ್ದೇ ಇರೋಳು. ಹಲೋ ಅಂದ್ರೆ ಕೇಳುಸ್ತದಾ?"

ಮಗ ಜೇಬಿನಿಂದ ತನ್ನ ಫೋನು ತೆಗೆದು ತೋರಿಸಿದ.

"ಭಾನುವಾರ ನನ್ನ ಫೋನಲ್ಲೇ ವಿಡಿಯೋ ಕಾಲ್ ಮಾಡ್ಕೊಡ್ತೀನಲ್ಲವ್ವ. ಇಬ್ರೂ ಕೈಸನ್ನೇಲಿ ಮಾತಾಡ್ತೀರಿ."

"ನಿಂಗೆ ಬಿಡುವಾದಾಗ ನಾನು ಮಗಳ ಮಖ ನೋಡ್ಬೇಕಾ? ಹೋದ ವಾರ ನಿಂಗೆ ಬಿಡುವಾಗ್ಲಿಲ್ಲ. ಅವ್ಳು ಮಾಗಡೀಲಿ ತುಂಬಿದ ಬಸುರಿ."

"ತಿಂಗ್ಳಿಗೆ ಮುನ್ನೂರು ಯಾರವ್ವ ಕಟ್ಟೋರು?"

"ಹಸ ಕರೆಯೋಳು ನಾನು. ಹಾಲಿನ ದುಡ್ಡಲ್ಲಿ ನಾನೇ ಕಟ್ತೀನಿ. ನಿನ್ನ ಕೇಳಿದ್ನಾ?"

ಬಸ್ಸು ಬಂತು.

"ಹತ್ತವ್ವ. ಇನ್ನೊಂದಿನ ಬರಾನ."

"ನೀನು ಹೋಗು. ನಾನು ತಕಂಡೇ ಬತ್ತೀನಿ."

ಆಕೆ ಸೆರಗು ಬಿಗಿದು ಅಂಗಡಿಯ ಕಡೆ ನಡೆದರು. ಮಗ ಬಸ್ಸನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದ. ಆಮೇಲೆ ಚೀಲ ಎತ್ತಿಕೊಂಡು ಆಕೆಯ ಹಿಂದೆ ಹೊರಟ.