ಮೌನಿಕಾ ಆರತಕ್ಷತೆಗೆ ಆ ಹಾಡು ಬೇಡ

"ಹಲೋ... ಹಾಂ, ಸಂಘಮಿತ್ರಾನೇ ಮಾತಾಡ್ತಿರೋದು. ನೀವ್ಯಾರು? ಈ ನಂಬರು ನನ್ನ ಹತ್ರ ಇಲ್ವಲ್ಲ..."

"ಯಾರು? ... ಸರಿಯಾಗಿ ಕೇಳಿಸ್ತಿಲ್ಲ, ಹಿಂದೆ ಏನೋ ಡಬಡಬ ಅಂತಿದೆ... ಮುರಳೀನಾ? ಥೂ ನಿನ್ನ! ಯಾರ್ದೋ ನಂಬರಿಂದ ಮಾಡಿದ್ರೆ ನಾನೇನ್ ಕನಸು ಕಾಣ್ಲಾ? ... ಸೌಂಡ್‌ನವನ ಫೋನಾ? ನಿಂದು ಚಾರ್ಜ್ ಹೋಯ್ತಾ? ತಂಗಿ ಮೌನಿಕಾ ಮದುವೆ ಮಾಡ್ತಿರೋನಿಗೆ ಒಂದು ಫೋನು ಚಾರ್ಜಿಗೆ ಹಾಕ್ಕೊಳ್ಳಕ್ಕಾಗಲ್ವೇನೋ?"

ಗೌರಿಬಿದನೂರಿನ ಕಲ್ಯಾಣ ಮಂಟಪದಲ್ಲಿ ನಿಂತು ಮುರಳಿಮೋಹನ್ ಇದಕ್ಕೆ ಏನು ಉತ್ತರ ಕೊಟ್ಟನೋ ನಮಗೆ ಕೇಳಿಸುವಂತಿಲ್ಲ. ಚಿಕ್ಕಬಳ್ಳಾಪುರದ ಬಾಡಿಗೆ ಮನೆಯಲ್ಲಿ ಸಂಜೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತ ನಿಂತಿದ್ದ ಸಂಘಮಿತ್ರಳ ಕಡೆಯ ಮಾತಷ್ಟೇ ನಮ್ಮ ಪಾಲಿಗೆ. ಆದರೆ ಮುರಳಿಯನ್ನು ಬಲ್ಲವರಿಗೆ ಅವನ ಮಾತನ್ನು ಊಹಿಸುವುದೇನೂ ಕಷ್ಟವಲ್ಲ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ, ಎಲ್ಲರಿಗೂ ಒಳ್ಳೆಯದೇ ಆಗಲಿ ಎನ್ನುವ ಹುಡುಗ ಅವನು. ಇವರಿಬ್ಬರ ಸ್ನೇಹ ಬೆಳೆದದ್ದು 'ಸೀಮೆಜಾಲಿ' ಎಂಬ ರಾಕ್ ಬ್ಯಾಂಡಿನ ಹುಚ್ಚಿನಿಂದ. ಇವರು ಸ್ಕೂಲಿನಲ್ಲಿದ್ದಾಗಲೇ ಕೂದಲು ಬಿಟ್ಟುಕೊಂಡು ಕುಣಿಯುತ್ತಿದ್ದ ಆ ಬ್ಯಾಂಡಿನವರ ತಲೆಯೆಲ್ಲ ಈಗ ಬೆಳ್ಳಗೆ. ಬಹಳ ವರ್ಷ ಸುಮ್ಮನಿದ್ದವರು ಮೊನ್ನೆ ಶುಕ್ರವಾರ 'ನಮ್ಮ ಬೀದಿ ಮೆರವಣಿಗೆ' ಅಂತ ಹೊಸ ಹಾಡೊಂದನ್ನು ಬಿಟ್ಟಿದ್ದರು. ಅಭಿಮಾನಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಅಂದು ಹತ್ತಿದ ಜಗಳ ಭಾನುವಾರ ಮಧ್ಯಾಹ್ನವಾದರೂ ಆರಿರಲಿಲ್ಲ. ಆ ಗುಂಪಿಗೆ ಇವರಿಬ್ಬರೇ ಅಡ್ಮಿನ್ನುಗಳು, ಹೆಸರಿಗೆ.

"ನೋಡಿದೆ ಕಣೋ, ಬೆಳಗ್ಗೆಯಿಂದ ಟಣ್ ಟಣ್ ಅಂತಾನೇ ಇದೆ... ಅಂಬರೀಶ್ ಗ್ರೂಪ್ ಬಿಟ್ಟೋದ್ನಾ? ಬಿಡು, ರಾತ್ರಿ ಊಟ ಆದ್ಮೇಲೆ ಅವನೇ ಸೇರಿಸ್ಕೊಳ್ರಪ್ಪ ಅಂತಾನೆ... ಹಾಂ, ಅವನು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಗಿಟಾರ್ ಸೋಲೋನೇ ಇಲ್ವಲ್ಲೋ. ಎಲ್ಲೋ ಮೂಲೇಲಿ ಕೂತು ಮುಲುಕ್ತಿದೆ ಅದು. ಮುದುಕರಾದ್ರು ಅಂದ, ಅಷ್ಟೇ ತಾನೆ? ಅದಕ್ಕೆ ನೀನು, 'ನಿನ್ನ ಕಿವೀಲಿ ಗುಗ್ಗೆ ತುಂಬಿದೆ' ಅಂತ ಬರೆಯೋದಾ?"

"ನಾನಾ? ನಾನ್ಯಾಕೆ ಏನೂ ಬರೆದಿಲ್ಲ ಅಂದ್ರೆ... ಕಾಲೇಜಿನ ಪೇಪರ್ ತಿದ್ದೋದಿತ್ತಪ್ಪ... ಸುಳ್ಳಾ? ಯಾಕೆ ಸುಳ್ಳು ಹೇಳ್ಲಿ ನಿಂಗೆ?"

ಸುಳ್ಳೇ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವ ಸಂಘಮಿತ್ರಳ ಕೈಯಲ್ಲಿ ಈಗ ಯಾವ ಪೇಪರೂ ಇರಲಿಲ್ಲ. ಆ ಬ್ಯಾಂಡಿನ ಬಗ್ಗೆ ಯಾರಾದರೂ ಅರ್ಧ ಮಾತಾಡಿದರೆ ಇವಳು ಎರಡು ಪುಟ ಬರೆಯುವವಳು. ಅಂಥವಳು ಶುಕ್ರವಾರದಿಂದ ತುಟಿಪಿಟಕ್ಕೆನ್ನದೆ ಕೂತಿದ್ದಾಳೆ ಅಂದರೆ ಕಾರಣ ಇರಲೇಬೇಕು.

"ಅಪ್ಪನಾ? ಹೂಂ, ಅಪ್ಪನೂ ಬರ್ತಿದಾರೆ. ನೀನು ಅಷ್ಟು ಕರೆದ್ಮೇಲೆ ಬರದೆ ಇರ್ತಾರಾ? ನಿನ್ನೇನೇ ಕೆಂಚಾರ್ಲಹಳ್ಳಿಯಿಂದ ಬಂದ್ರು. ಮುಂದೆ ರೂಮಲ್ಲಿ ಕೂತವ್ರೆ... ಸರಿ, ಯಾಕೆ ಮಾಡ್ದೆ ಹೇಳು. ಪಾಪ ಆ ಸೌಂಡ್‌ನವನ ಫೋನು..."

"ಏನು? ... ಇನ್ನೊಂದ್ಸಲ ಹೇಳು... ಮೌನಿಕಾ ಸ್ಟೇಜಿಗೆ ಬರೋವಾಗ ಈ ಹೊಸ ಹಾಡಾ? ... ಇದೇ ಹಾಡಾ? ... ಅವನು ಟ್ರಯಲ್ ಹಾಕ್ತಿದಾನಾ ಈಗ?"

ಅವಳು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಮುಂದಿನ ಕೋಣೆಯಲ್ಲಿ ಪೇಪರು ಹಿಡಿದಿದ್ದ ಅಪ್ಪನ ಬೆನ್ನು ಕಂಡಿತು. ಬಾಗಿಲು ಎಳೆದುಕೊಂಡು, ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಬಗ್ಗಿ, ನೀರಿನ ಟ್ಯಾಂಕಿನ ನೆರಳಿಗೆ ನಿಂತಳು.

"ಬೇಡ ಕಣೋ... ಬೇಡ ಅಂದ್ರೆ ಬೇಡ. ಅವರದ್ದೇ ಹಳೇ ಹಾಡು ಯಾವುದಾದ್ರೂ ಹಾಕು... ಯಾಕೆ ಅಂದ್ರೆ... ಅದು ತುಂಬ ನಿಧಾನ ಇದೆ. ಮದುವೆಮನೇಲಿ ಜನ ತೂಕಡಿಸ್ತಾರೆ..."

"ಇಲ್ಲ, ಹಾಡಲ್ಲಿ ಹೂವು ಚೆಲ್ಲೋದು ಬರತ್ತೆ, ಸರಿ. ಬೀದಿ ಜನ ಎಲ್ಲ ಬಾಗಿಲಿಗೆ ಬಂದು ನಿಲ್ತಾರೆ ಅಂತಾನೂ ಬರತ್ತೆ. ಹಾಗಂತ ಮದುವೆ ಮೆರವಣಿಗೆ ಅಂತ ಯಾರಪ್ಪ ಹೇಳಿದ್ದು ನಿಂಗೆ? ಹಾಡಲ್ಲಿ ಎಲ್ಲಾದ್ರೂ ಮದುವೆ ಅಂತ ಇದ್ಯಾ? ... ಇಲ್ಲ ಅಲ್ವಾ?"

"ಮೌನಿಕಾಗೆ ಇಷ್ಟಾನಾ? ... ಪ್ರಾಕ್ಟೀಸ್ ಬೇರೆ ಮಾಡಿದಾಳಾ, ಆ ತಾಳಕ್ಕೆ ನಡ್ಕೊಂಡು ಬರೋದು? ... ಅಯ್ಯೋ ದೇವುಡಾ..."

ಆ ಹುಡುಗಿ ನಗುನಗುತ್ತ ಆ ತಾಳಕ್ಕೆ ಹೆಜ್ಜೆ ಹಾಕುವುದು ಸಂಘಮಿತ್ರಳ ಕಣ್ಣ ಮುಂದೆ ಬಂತು. ಶಕುನ, ಅಪಶಕುನ ಯಾವುದನ್ನೂ ನಂಬದ ಮನೆಯಲ್ಲಿ ಬೆಳೆದವಳು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟ ಬಿಟ್ಟು ಇನ್ನೊಂದು ಕಂಡವಳಲ್ಲ. ಆದರೂ ಅಷ್ಟು ಜನರ ನಡುವೆ ಯಾರಾದರೊಬ್ಬ ಹಿರಿಯರು ಅದನ್ನು ಗುರುತು ಹಿಡಿದೇ ಹಿಡಿಯುತ್ತಾರೆ. ಆಮೇಲೆ ಆ ಮಗುವಿನ ಸಂಜೆ ಏನಾಗಬೇಕು?

"ಮುರಳಿ, ನಾನು ಹೇಳೋದು ಸ್ವಲ್ಪ ಕೇಳು. ಹಾಡಿನ ಮಧ್ಯ ತಮಟೆ ಬರತ್ತಲ್ಲ... ಹಾಂ, ಅದೇ, ನೀವೆಲ್ಲ ಹೊಡೆದಾಡ್ತಿರೋದು. ಅಂಬರೀಶ್ ಆಫ್ರಿಕಾದ್ದು ಅಂದ. ನೀನು ಏಳು ಮಾತ್ರೆ ಲೆಕ್ಕ, ಪ್ರೋಗ್ರೆಸಿವ್ ರಾಕು ಅಂತ ಉದ್ದಕ್ಕೆ ಬರ್ದೆ. ಅದು ಆಫ್ರಿಕಾನೂ ಅಲ್ಲ, ಏನೂ ಅಲ್ಲ ಕಣೋ. ನಮ್ಮ ಕಡೇದೇ... ಹೆಣದ ಮುಂದೆ ಬಾರ್ಸೋದು."

"ಹೆಣ ಕಣೋ, ಹೆಣ. ಸತ್ತೋರನ್ನ ಎತ್ಕೊಂಡು ಹೋಗ್ತಾರಲ್ಲ, ಆಗ... ನಗಬೇಡ. ತಮಾಷೆಗೆ ಹೇಳ್ತಿಲ್ಲ ನಾನು."

"ಎಲ್ಲಾ ತಮಟೇನೂ ಒಂದೇ ಅಲ್ವಾ ಅಂದ್ರೆ, ನಿನ್ನ ಎಲ್ಲಾ ಗಿಟಾರೂ ಒಂದೇನಾ? ದೇವರ ಮುಂದೆ ಬೇರೆ, ಮದುವೇಗೆ ಬೇರೆ, ಸಾವಿಗೆ ಬೇರೆ. ಇದು ನಿಧಾನಕ್ಕೆ ಏಟು ಬಿದ್ದು, ನಿಂತು, ಆಮೇಲೆ ಒಂದೇ ಸಮ ಓಡತ್ತೆ ನೋಡು... ಹೊತ್ತಿರೋರು ಭುಜ ಬದಲಾಯಿಸ್ಕೊಳ್ಳಕ್ಕೆ ಆ ನಿಲ್ಲೋದು."

"ನಿಮ್ಮಜ್ಜಿ ಆದಿಲಕ್ಷ್ಮಮ್ಮನ್ನ ಕೇಳು ಬೇಕಾದ್ರೆ. ಬೇಡ ಬೇಡ, ಅವರನ್ನ ಕೇಳಬೇಡ! 'ಏಮಿರಾ ಇದಿ' ಅಂತ ತೆಲುಗಲ್ಲಿ ಕೂಗಿ ಚಪ್ಪರ ಹಾರಿಸ್ಬಿಡ್ತಾರೆ... ಸುಮ್ನೆ ನನ್ನ ಮಾತು ನಂಬು, ಹಾಡು ಬದಲಾಯಿಸು."

"ಹೇಗೆ ಗೊತ್ತು ಅಂದ್ರೆ... ಕೇಳಿದೀನಿ. ಊರಲ್ಲಿ... ನೀನೂ ಕೇಳಿರ್ತೀಯಾ, ಗಮನ ಕೊಟ್ಟಿರಲ್ಲ... ಯೂಟ್ಯೂಬಲ್ಲಿ ಅಲ್ಲ ಕಣೋ... ಯಾವ ಪುಸ್ತಕದಲ್ಲೂ ಓದಿಲ್ಲ..."

"ಮತ್ತೆ ಅದೇ ಕೇಳ್ತೀಯಲ್ಲೋ, ಹೇಗೆ ಗೊತ್ತು ಹೇಗೆ ಗೊತ್ತು ಅಂತ! ಗೊತ್ತು. ಅಷ್ಟೇ."

ಅಷ್ಟೇ ಅಂದರೆ ಬಿಡುವ ಆಸಾಮಿಯಲ್ಲ ಮುರಳಿ. ಹಾಡಿನ ಪರವಾಗಿ ಮೂರು ದಿನ ಊರಿಗೆಲ್ಲ ಜಗಳವಾಡಿದವನು, ಯಾರೋ ಸುಮ್ಮನೆ ಗೊತ್ತು ಎಂದುಬಿಟ್ಟರೆ ಒಪ್ಪುವನೇ? ಇಷ್ಟು ವರ್ಷವಾದರೂ ಆ ಗುಂಪಿನಲ್ಲಿ ಯಾರೂ ಯಾರನ್ನೂ 'ನೀವು ಯಾವ ಜನ' ಎಂದು ಕೇಳಿದವರಲ್ಲ. ಕೇಳುತ್ತಿದ್ದುದು ಒಂದೇ, ನಿನಗೆ ಯಾವ ಆಲ್ಬಂ ಇಷ್ಟ ಅಂತ. ಸಂಘಮಿತ್ರ ಎನ್ನುವುದನ್ನು ಕೇಳಿ ಮುರಳಿ ಒಮ್ಮೆ, ಎಷ್ಟು ಚೆನ್ನಾದ ಹೆಸರು, ನಿಮ್ಮನೇಲಿ ಯಾರೋ ಸಾಹಿತಿಗಳಿರಬೇಕು ಎಂದಿದ್ದ. ಅವನ ಮನೆಯಲ್ಲಿ ಆದಿಲಕ್ಷ್ಮಮ್ಮನವರ ಪಕ್ಕದಲ್ಲೇ ಕೂತು ಹೋಳಿಗೆ ತಿಂದು ಬಂದಿದ್ದಳು. ಗೊತ್ತಾಗಿದ್ದರೆ ಅಜ್ಜಿ ಹಾಗೇ ಬಡಿಸುತ್ತಿದ್ದರೋ ಏನೋ. ಬಡಿಸುತ್ತಿದ್ದರೇನೋ. ಆ 'ಏನೋ' ಅವಳನ್ನು ಹಿಂಡಿ ಹಾಕಿತ್ತು. ತಾನು ಏನನ್ನೂ ಮುಚ್ಚಿಟ್ಟಿಲ್ಲ, ಕೇಳಿದರೆ ಹೇಳುತ್ತೇನೆ ಎಂದುಕೊಂಡೇ ಇದ್ದವಳು, ಈಗ ಕೇಳುತ್ತಿರುವಾಗ ಊರಲ್ಲಿ ಕೇಳಿದೀನಿ ಅಂತ ಜಾರಿಕೊಳ್ಳುತ್ತಿದ್ದಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಹಲೋ... ಇದ್ದೀನಿ, ಇದ್ದೀನಿ... ಏನು, ಸೌಂಡ್‌ನವನು ಕಾಯ್ತಿದಾನಾ? ... ಇಲ್ಲ, ಹಾಕಬೇಡ ಅನ್ನು ಅವನಿಗೆ... ಹೊಟ್ಟೆಕಿಚ್ಚಾ? ನಂಗಾ? ಹಾಡು ಚೆನ್ನಾಗಿದೆ ಅಂತ ನೀನು ಮೊದಲು ಹೇಳಿದ್ದಕ್ಕೆ ನಾನು ಬೇಕಂತ ಹುಳುಕು ತೆಗೀತಿದೀನಾ? ... ಏನ್ ಮಾತು ಅಂತ ಆಡ್ತೀಯೋ!"

"ಸರಿ. ಕೇಳು. ಬೆಳಗ್ಗೆ ನಾನು ಒಗ್ಗರಣೆ ಹಾಕ್ತಾ ಸ್ಪೀಕರಲ್ಲಿ ಇದೇ ಹಾಡು ಬಿಟ್ಟಿದ್ದೆ. ಅಪ್ಪ ಮುಂದೆ ಪೇಪರ್ ಓದ್ತಿದ್ರು. ಆ ತಮಟೆ ಬಂತಲ್ಲ... ಪೇಪರು ಮಡಚಿಟ್ಟು ಎದ್ರು ಕಣೋ. ಗೇಟಿಗೆ ಹೋಗಿ ಬೀದಿ ಆ ಕಡೆ ಈ ಕಡೆ ನೋಡಿದ್ರು. ಒಳಗೆ ಬಂದು, 'ಯಾರು ಹೋದ್ರಮ್ಮಾ ನಿಮ್ಮ ಬೀದೀಲಿ' ಅಂದ್ರು... ಹಾಂ. ನಿಜವಾಗ್ಲೂ. 'ಬಾರಿಸ್ತಿರೋನ ಕೈ ಚೆನ್ನಾಗೈತೆ' ಅಂತ ಬೇರೆ ಅಂದ್ರು. ಫೋನಲ್ಲಿ ಬರ್ತಿರೋದು ಅಂದೆ, ನಂಬಲಿಲ್ಲ. ಕೊನೇಗೆ ನಾನೇ ತೋರಿಸ್ದೆ. 'ಅವನ ಹೆಸರು ಹಾಕವ್ರಾ' ಅಂತ ಕೇಳಿದ್ರು. ಹುಡುಕ್ದೆ. ಡ್ರೋನ್ ಹಾರಿಸಿದೋನ ಹೆಸರೂ ಇದೆ, ತಮಟೆಯವನದಿಲ್ಲ."

"ಅಪ್ಪಂಗೆ ಹೇಗೆ ಗೊತ್ತು ಅಂದ್ರೆ..."

ತಾರಸಿಯ ಮೇಲೆ ಗಾಳಿಗೆ ಬಟ್ಟೆಗಳು ಪಟಪಟ ಎಂದವು. ಸಂಘಮಿತ್ರ ಟ್ಯಾಂಕಿಗೆ ಬೆನ್ನು ಕೊಟ್ಟು ಕುಕ್ಕರಿಸಿದಳು.

"ನಮ್ಮಪ್ಪ ಬಾರಿಸ್ತಿದ್ರು ಕಣೋ... ತಮಟೆ. ಅಪ್ಪ, ತಾತ, ಎಲ್ಲಾರೂ. ಊರಲ್ಲಿ ಯಾರು ಸತ್ರೂ ನಮ್ಮನೆಗೇ ಹೇಳಿ ಕಳಿಸ್ತಿದ್ರು... ಹಾಂ... ಹೂಂ, ನಾವು ಅದೇ. ನೀನೀಗ ಏನಂದ್ಕೊಂಡ್ಯೋ, ಅದೇ."

"ಹಲೋ? ... ಮುರಳಿ? ... ಕೇಳಿಸ್ತಾ? ಏನಾದ್ರೂ ಅನ್ನು ಮಾರಾಯ..."

"... ಏನು? ... ಸೂಪರಾ? ... ಏನು ಸೂಪರು?"

ಸಂಘಮಿತ್ರಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಇಷ್ಟೇನಾ! ಇಷ್ಟಕ್ಕೆ ಇಷ್ಟು ವರ್ಷ ಎದೆ ಹಿಡಿದುಕೊಂಡಿದ್ದೆನಾ ಅನ್ನಿಸಿತು. ಕಣ್ಣೊರೆಸಿಕೊಂಡಳು.

"ಥ್ಯಾಂಕ್ಸ್ ಕಣೋ... ಇಲ್ಲ, ಅಳ್ತಿಲ್ಲ, ಧೂಳು... ಹಾಡು ಬದಲಾಯಿಸ್ತೀಯಲ್ವಾ? ... ಸದ್ಯ! ಮೌನಿಕಾಗೆ ಏನೂ ಹೇಳ್ಬೇಡ ಪಾಪ, ಸಿಡಿ ಕೆಟ್ಟೋಯ್ತು ಅನ್ನು... ಪೆನ್‌ಡ್ರೈವೋ ಏನೋ ಒಂದು."

"ಗ್ರೂಪಲ್ಲಾ? ಏನ್ ಹಾಕ್ತೀಯಾ? ... ಬೇಡ ಬೇಡ, ನಿಲ್ಲು. ಸಾವಿನ ತಮಟೆ ಅಂತ ಹಾಕು, ಅಷ್ಟು ಸಾಕು. ನಮ್ಮಪ್ಪನ ಹೆಸರು ಯಾಕೆ? ... ಹೆಮ್ಮೆ ವಿಷಯಾನಾ? ಇರಬಹುದು ಕಣೋ, ಅದನ್ನ ಹೇಳ್ಕೊಳ್ಳೋದು ನಾನು ಅಲ್ವಾ? ... ಅಂಬರೀಶ್ ಬಾಯಿ ಮುಚ್ಚಿಸಕ್ಕೆ ನಮ್ಮಪ್ಪ ಬೇಕಾ ನಿಂಗೆ? ... ಚಾರ್ಜ್ ಆದ ತಕ್ಷಣ ಹಾಕ್ತೀಯಾ? ಮುರಳಿ, ನಿಂಗೆ ಕೈ ಮುಗೀತೀನಿ..."

"ಹಾಂ? ... ಏನದು, ಇನ್ನೊಂದ್ ಸಲ ಹೇಳು... ಅಪ್ಪಂಗೆ ಮದುವೇದೂ ಬರತ್ತಾ ಅಂತಾನಾ? ... ಬರ್ತಿತ್ತು, ಆಗ. ಯಾಕೆ?"

ಸಂಘಮಿತ್ರ ಎದ್ದು ನಿಂತಳು.

"ಇವತ್ತಾ? ... ಮೌನಿಕಾ ಬರೋವಾಗ? ... ಅಪ್ಪ ಬಾರಿಸ್ಬೇಕಾ?"

ಅವನ ದನಿಯಲ್ಲಿ ಸಡಗರದ ಹೊರತು ಬೇರೇನೂ ಇರಲಿಲ್ಲ. ಹುಡುಕಿದರೂ ಒಂದು ಕೊಂಕು ಸಿಗುತ್ತಿರಲಿಲ್ಲ. ಬೈದಿದ್ದರೆ ವಾಪಸ್ಸು ಬೈಯಬಹುದಿತ್ತು. ಹೀಗೆ ಪ್ರೀತಿಯಿಂದ ಕೇಳುವವನನ್ನು ಬೈಯುವುದಾದರೂ ಹೇಗೆ?

"ಇಲ್ಲ ಕಣೋ... ಬಿಟ್ಟಿದಾರೆ ಅವರು. ಬೌದ್ಧ ದೀಕ್ಷೆ ತಗೊಂಡ ದಿನಾನೇ ಬಿಟ್ರು. ನಮ್ಮಜ್ಜಿ, ಅವರ ಹೆತ್ತಮ್ಮ, ಹೋದಾಗ್ಲೂ ಮುಟ್ಟಲಿಲ್ಲ. ಊರೋರೆಲ್ಲ ಬಂದು ಬೈದ್ರು, ಹೆದರಿಸಿದ್ರು, ಮುಟ್ಟಲಿಲ್ಲ... ಒಂದೇ ಒಂದು ಸಲ ಅಂದ್ರೂ ಇಲ್ಲ ಕಣೋ... ನಂಗೋಸ್ಕರಾನೂ ಇಲ್ಲ, ನಿಂಗೋಸ್ಕರಾನೂ ಇಲ್ಲ... ಬೇಜಾರ್ ಮಾಡ್ಕೊಳ್ಳಲ್ವಾ ಅವರು? ಅದು ಹೇಗೋ ನಿಂಗೆ ಗೊತ್ತು?"

"ಗ್ರೂಪಲ್ಲಿ ಹಾಕೋ ಮಾತು ಆಮೇಲೆ, ಈಗ ಅದಲ್ಲ ವಿಷಯ... ಮುರಳಿ, ಪತ್ರಿಕೆ ಕೊಡಕ್ಕೆ ಬಂದಾಗ ನಮ್ಮಪ್ಪಂಗೆ ನಮಸ್ಕಾರ ಮಾಡಿ, ನೀವೂ ಊಟಕ್ಕೆ ಬರ್ಲೇಬೇಕು ಅಂಕಲ್ ಅಂತ ಕರೆದಿದ್ದೆ. ಅವರು ಅದಕ್ಕೇ ಅಂತ ಊರಿಂದ ಬಂದವ್ರೆ. ಈಗ ಯಾವುದಕ್ಕೆ ಕರೀತಿದ್ದೀಯಾ, ಅದನ್ನ ಬಿಡಿಸಿ ಹೇಳು..."

"ಹಲೋ? ... ಯಾರು? ... ಸೌಂಡ್‌ನೋರಾ? ಅಣ್ಣ, ಮುರಳಿಗೆ ಕೊಡಿ ಒಂದು ನಿಮಿಷ... ಸ್ಟೇಜ್ ಕಡೆ ಹೋದ್ನಾ? ... ಜಾಗ ಬಿಡಿಸ್ತಿದಾನಾ? ಯಾರಿಗೆ ಜಾಗ? ... ತಮಟೆಯವರು ಬರ್ತಾರೆ ಅಂದ್ನಾ?"

"ಅಣ್ಣ, ಅವನಿಗೆ ಹೇಳಿ, ಹಾಗಲ್ಲ ಅಂತ ಹೇಳಿ... ಒಂದು ನಿಮಿಷ ಇರಿ, ಕೆಳಗೆ ನಮ್ಮಪ್ಪ ಕೂಗ್ತವ್ರೆ... ಏನಪ್ಪಾ? ... ಹೂಂ ಅಪ್ಪಾ, ಬಂದೆ... ಶರ್ಟ್ ಹಾಕ್ಕೊಂಡು ರೆಡಿ ಆಗಿದೀರಾ? ..."

"ಅಣ್ಣ, ಇದ್ದೀರಾ? ನಮ್ಮಪ್ಪ ಹೊರಡಣೇನಮ್ಮಾ ಅಂತವ್ರೆ. ನಾನೇನಂತ ಹೇಳ್ಲಿ ಅವರಿಗೆ? ಮುರಳೀನ ಒಂದ್ಸಲ ಕೂಗಿ ಅಣ್ಣ, ಒಂದೇ ಒಂದ್ಸಲ... ಹಲೋ? ... ಹಲೋ..."

ಫೋನು ಕಟ್ಟಾಗಿತ್ತು.